ಒಳ್ಳೆಯ ಕೆಲಸಗಳ ನಡುವೆ ಮರೆಯಾಗುವ ಸಭೆ

ಒಂದು ಕ್ರೈಸ್ತ ಸಭೆ, ಅಂದರೆ ಚರ್ಚು, ದಾರಿ ತಪ್ಪಿದೆ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ದೊಡ್ಡ ದೊಡ್ಡ ಸಂಗತಿಗಳು: ಹಣದ ಅವ್ಯವಹಾರ, ಸುಳ್ಳು ಬೋಧನೆ, ಎರಡು ಹೋಳಾದ ಸಭೆ, ಕೋರ್ಟು ಮೆಟ್ಟಿಲೇರಿದ ಜಗಳ. ಇವೆಲ್ಲ ನಡೆಯುತ್ತವೆ, ಇಲ್ಲವೆನ್ನಲಾರೆ. ಆದರೆ ಬಹಳ ಕಾಲ ಸಭೆಯ ಒಳಗೇ ಇದ್ದು, ಕಮಿಟಿಯಲ್ಲೂ ಕೂತು ನೋಡಿದ ಮೇಲೆ ನನಗೆ ಹೆಚ್ಚು ಭಯ ಹುಟ್ಟಿಸುವುದು ಒಳ್ಳೆಯ ಕೆಲಸಗಳೇ. ಒಂದರ ಮೇಲೊಂದು ಒಳ್ಳೆಯ ಕೆಲಸ ಬಂದು ಕೂರುತ್ತದೆ. ಪ್ರತಿಯೊಂದಕ್ಕೂ ಒಂದು ಕಾರಣವಿರುತ್ತದೆ, ಪ್ರತಿಯೊಂದರ ಹಿಂದೆಯೂ ಪ್ರಾಮಾಣಿಕವಾಗಿ ದುಡಿಯುವ ಒಬ್ಬರಿರುತ್ತಾರೆ. ಹೀಗೆ ವರ್ಷಗಳು ಉರುಳುವಾಗ, ಯಾರೂ ತೀರ್ಮಾನಿಸದೆ, ಯಾವ ನಡಾವಳಿ ಪುಸ್ತಕದಲ್ಲೂ ದಾಖಲಾಗದೆ, ಮುಖ್ಯವಾದದ್ದು ಮೂಲೆಗೆ ಸರಿದಿರುತ್ತದೆ.

ಮುಖ್ಯವಾದದ್ದು ಯಾವುದು? ಅದಕ್ಕಾಗಿ ಹೊಸ ಘೋಷವಾಕ್ಯ ಬರೆದು ಗೋಡೆಗೆ ತೂಗುಹಾಕಬೇಕಿಲ್ಲ. ಬೈಬಲಿನ ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ಸತ್ತವರೊಳಗಿಂದ ಎದ್ದುಬಂದ ಯೇಸು ಕರ್ತನು ಹನ್ನೊಂದು ಮಂದಿ ಶಿಷ್ಯರಿಗೆ ಕೊಟ್ಟ ಅಪ್ಪಣೆಯಲ್ಲಿ ಗೊಂದಲವಿಲ್ಲ: ಎಲ್ಲ ಜನಾಂಗಗಳವರನ್ನು ಶಿಷ್ಯರನ್ನಾಗಿ ಮಾಡಬೇಕು, ದೀಕ್ಷಾಸ್ನಾನ ಮಾಡಿಸಬೇಕು, ತಾನು ಆಜ್ಞಾಪಿಸಿದ್ದನ್ನೆಲ್ಲ ಕೈಕೊಂಡು ನಡೆಯುವಂತೆ ಕಲಿಸಬೇಕು. ಪವಿತ್ರಾತ್ಮನು ಇಳಿದುಬಂದ ಪಂಚಾಶತ್ತಮ ಹಬ್ಬದ ನಂತರದ ಮೊದಲ ವಿಶ್ವಾಸಿಗಳು ಬಿಡದೆ ಹಿಡಿದುಕೊಂಡದ್ದು ಅಪೊಸ್ತಲರ (ಯೇಸು ಕಳುಹಿಸಿದ ಶಿಷ್ಯರ) ಬೋಧನೆಯನ್ನು, ಅನ್ಯೋನ್ಯತೆಯನ್ನು, ರೊಟ್ಟಿ ಮುರಿಯುವುದನ್ನು, ಪ್ರಾರ್ಥನೆಯನ್ನು. 1530ರಲ್ಲಿ ಜರ್ಮನಿಯ ಧರ್ಮಸುಧಾರಕ ಲೂಥರನ ಕಡೆಯವರು ಚಕ್ರವರ್ತಿ ಐದನೆಯ ಚಾರ್ಲ್ಸನ ಮುಂದೆ ಇಟ್ಟ ಆಗ್ಸ್‌ಬರ್ಗ್ ನಂಬಿಕೆ ಪ್ರಮಾಣದ ಏಳನೆಯ ಕಲಮು ಇದನ್ನೇ ಇನ್ನೂ ಬಿಗಿಯಾಗಿ ಹೇಳುತ್ತದೆ. ಸುವಾರ್ತೆಯನ್ನು ಶುದ್ಧವಾಗಿ ಬೋಧಿಸಿ ಸಂಸ್ಕಾರಗಳನ್ನು, ಅಂದರೆ ದೀಕ್ಷಾಸ್ನಾನ, ಕರ್ತನ ಭೋಜನದಂಥ ವಿಧಿಗಳನ್ನು, ಸರಿಯಾಗಿ ನಡೆಸುವ ಭಕ್ತರ ಕೂಟವೇ ಸಭೆ. ಸಭೆಯ ಐಕ್ಯಕ್ಕೆ ಅಷ್ಟು ಸಾಕು. ಮನುಷ್ಯರು ಏರ್ಪಡಿಸಿಕೊಂಡ ಪದ್ಧತಿಗಳು ಎಲ್ಲ ಕಡೆಯೂ ಒಂದೇ ತೆರನಾಗಿರಬೇಕಿಲ್ಲ. ಕಥೋಲಿಕ ಧರ್ಮಸಭೆಯ ಎರಡನೇ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ, ಧರ್ಮಸಭೆ ತನ್ನ ಸ್ವಭಾವದಿಂದಲೇ ಪ್ರೇಷಿತ ಸಭೆ, ಕಳುಹಿಸಲ್ಪಟ್ಟ ಸಭೆ ಎಂದಿತು. ಎಷ್ಟೋ ವಿಷಯಗಳಲ್ಲಿ ಒಪ್ಪದವರು ಕೂಡ ಈ ನಡುಭಾಗದ ಸುತ್ತಲೇ ನಿಂತಿದ್ದಾರೆ. ನನ್ನ ಮಟ್ಟಿಗೆ ನಾನು ಹೀಗೆ ಹೇಳಿಕೊಂಡಿದ್ದೇನೆ: ಜನ ಯೇಸುವನ್ನು ಅರಿಯಬೇಕು, ಆತನಲ್ಲಿ ನಂಬಿಕೆಯಿಡಬೇಕು, ದಿನೇದಿನೇ ಆತನ ಹಾಗೆ ಆಗುತ್ತ ಹೋಗಬೇಕು, ಆತನ ಪ್ರೀತಿಯನ್ನು ಹೊರಗಿನವರ ಬಳಿಗೆ ಹೊತ್ತೊಯ್ಯಬೇಕು. ಮಿಕ್ಕದ್ದೆಲ್ಲ ಇದಕ್ಕೆ ನೆರವಾಗುವವರೆಗೆ ಇರಲಿ.

ಇದನ್ನು ಅಲ್ಲಗಳೆಯುವವರು ಸಭೆಯಲ್ಲಿ ಒಬ್ಬರೂ ಸಿಗುವುದಿಲ್ಲ. ಹಾಗಿದ್ದರೂ ಅದು ಹೇಗೆ ಜಾರಿಹೋಗುತ್ತದೆ ಎಂದು ತಿಳಿಯಬೇಕಾದರೆ ಒಂದು ಕಮಿಟಿ ಮೀಟಿಂಗಿನಲ್ಲಿ ಕೂರಬೇಕು. ಆರಂಭದ ಪ್ರಾರ್ಥನೆ ಚಿಕ್ಕದು, ಎಲ್ಲರಿಗೂ ಬೇಗ ಮುಗಿಸಿ ಹೊರಡುವ ಅವಸರ. ಹಿಂದಿನ ಮೀಟಿಂಗಿನ ವರದಿ ಓದಿ ಅಂಗೀಕರಿಸುತ್ತಾರೆ. ಖಜಾಂಚಿ ಲೆಕ್ಕ ಒಪ್ಪಿಸುತ್ತಾರೆ. ಆಮೇಲೆ ಮೈಕ್ ಸೆಟ್ಟಿನ ವಿಚಾರ, ಛಾವಣಿಯ ವಿಚಾರ, ವಾರ್ಷಿಕೋತ್ಸವಕ್ಕೆ ಯಾರನ್ನು ಕರೆಯಬೇಕು ಎಂಬ ವಿಚಾರ, ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಮೊದಲು ಬರಬೇಕು ಎಂಬ ವಿಚಾರ. ಈ ಕೊನೆಯದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ನಾನಿದ್ದ ಒಂದು ಮೀಟಿಂಗಿನಲ್ಲಿ, ಎಲ್ಲ ಮುಗಿದು ‘ಇತರೆ ವಿಷಯಗಳು’ ಬಂದಾಗ ವಯಸ್ಸಾದ ಸದಸ್ಯೆಯೊಬ್ಬರು, ತಮ್ಮ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಯುವಕ ಬಹಳ ದಿನಗಳಿಂದ ಕಾಣುತ್ತಿಲ್ಲ, ಯಾರಾದರೂ ಹೋಗಿ ನೋಡಿದ್ದೀರಾ ಎಂದು ಕೇಳಿದರು. ಯಾರೂ ನೋಡಿರಲಿಲ್ಲ. ಮುಂದಿನ ಮೀಟಿಂಗಿಗೆ ಇಡೋಣ ಅಮ್ಮ, ಈಗ ಹೊತ್ತಾಯಿತು ಎಂದು ಯಾರೋ ಅಂದರು. ಕರ್ತನ ಪ್ರಾರ್ಥನೆ ಹೇಳಿ ಎದ್ದೆವು.

ಅಲ್ಲಿ ಕೂತಿದ್ದವರಲ್ಲಿ ಯಾರೂ ಕಲ್ಲುಮನಸ್ಸಿನವರಲ್ಲ. ಆ ಯುವಕನ ಮನೆಯಲ್ಲಿ ಸಾವು ಸಂಭವಿಸಿದ್ದರೆ ಅಷ್ಟೂ ಜನ ಮಧ್ಯರಾತ್ರಿಯಲ್ಲಿ ಓಡಿಹೋಗುತ್ತಿದ್ದರು. ವಿಷಯ ಇಷ್ಟೇ: ಛಾವಣಿ ಸೋರಿದರೆ ಎಲ್ಲರ ತಲೆಯ ಮೇಲೂ ಹನಿ ಬೀಳುತ್ತದೆ, ಒಬ್ಬನ ನಂಬಿಕೆ ಬತ್ತಿಹೋದರೆ ಸದ್ದೇ ಆಗುವುದಿಲ್ಲ. ಕಟ್ಟಡದ ಬಿಲ್ಲಿಗೆ ಕಡೆಯ ದಿನಾಂಕ ಇರುತ್ತದೆ. ಒಬ್ಬರನ್ನು ಶಿಷ್ಯರನ್ನಾಗಿ ಬೆಳೆಸುವ ಕೆಲಸಕ್ಕೆ ಅಂಥ ದಿನಾಂಕವಿಲ್ಲ, ಆದ್ದರಿಂದ ಅದನ್ನು ಎಷ್ಟು ಸಲ ಬೇಕಾದರೂ ಮುಂದೂಡಬಹುದು. ಸಭೆಯ ಉದ್ದೇಶ ಕಳೆದುಹೋಗುವುದು ಬೋಧನಾಪೀಠದಲ್ಲಿ ಎಂದು ಬಹಳ ಜನ ಅಂದುಕೊಂಡಿದ್ದಾರೆ. ನನಗೆ ಕಂಡಂತೆ ಅದು ಹೆಚ್ಚಾಗಿ ಕಳೆದುಹೋಗುವುದು ಕಾರ್ಯಸೂಚಿಯ ಅನುಕ್ರಮದಲ್ಲಿ.

ಆದಿಸಭೆಗೂ ಈ ಇಕ್ಕಟ್ಟು ತಪ್ಪಲಿಲ್ಲ. ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ ಆರನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಸಭಾಸೇವಕರ ನೇಮಕದ ದಿನ ಓದಿ ಮುಂದೆ ಸಾಗುತ್ತೇವೆ. ನಿಧಾನವಾಗಿ ಓದಬೇಕಾದ ಅಧ್ಯಾಯ ಅದು. ಯೆರೂಸಲೇಮಿನಲ್ಲಿ ಶಿಷ್ಯರ ಸಂಖ್ಯೆ ಹೆಚ್ಚುತ್ತಿದ್ದ ಕಾಲ. ಅವರಲ್ಲಿ ಗ್ರೀಕ್ ಮಾತಾಡುವ ಯೆಹೂದ್ಯರು ಇಬ್ರಿಯರ, ಅಂದರೆ ಸ್ಥಳೀಯ ಭಾಷೆಯಾಡುವ ಯೆಹೂದ್ಯರ, ಮೇಲೆ ಗೊಣಗತೊಡಗಿದರು. ದಿನದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂಬುದು ಅವರ ದೂರು. ಹನ್ನೆರಡು ಮಂದಿ ಅಪೊಸ್ತಲರ ಮುಂದೆ ಎರಡು ಸುಲಭದ ದಾರಿಗಳಿದ್ದವು. ದೂರನ್ನು ಸಣ್ಣ ವಿಷಯ ಎಂದು ತಳ್ಳಿಹಾಕಿ ಬೋಧನೆ ಮುಂದುವರಿಸಬಹುದಿತ್ತು. ಇಲ್ಲವೇ ಬೋಧನೆ ಬದಿಗಿಟ್ಟು ತಾವೇ ಊಟ ಬಡಿಸಲು ನಿಲ್ಲಬಹುದಿತ್ತು. ನೋಡುವವರ ಕಣ್ಣಿಗೆ ಅದು ದೊಡ್ಡ ದೀನತೆಯಾಗಿ ಕಾಣುತ್ತಿತ್ತು. ಅವರು ಎರಡನ್ನೂ ಮಾಡಲಿಲ್ಲ. ದೇವರ ವಾಕ್ಯವನ್ನು ಬಿಟ್ಟು ಬಡಿಸುವ ಕೆಲಸಕ್ಕೆ ನಿಲ್ಲುವುದು ತಮಗೆ ತಕ್ಕದ್ದಲ್ಲ ಎಂದು ಬಿಚ್ಚಿ ಹೇಳಿದರು. ಹೇಳಿ ಸುಮ್ಮನಾಗದೆ, ಒಳ್ಳೆಯ ಹೆಸರಿರುವ, ಪವಿತ್ರಾತ್ಮನಿಂದಲೂ ಜ್ಞಾನದಿಂದಲೂ ತುಂಬಿದ ಏಳು ಮಂದಿಯನ್ನು ಆರಿಸಿಕೊಳ್ಳಲು ಸಭೆಗೇ ಬಿಟ್ಟರು. ಆರಿಸಿದ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಅನ್ಯಾಯವಾಗಿದೆ ಎಂದವರ ಕಡೆಯವರ ಕೈಗೇ ಹಂಚಿಕೆಯ ಹೊಣೆ ಬಂತು ಎಂದು ಇದರಿಂದ ತೋರುತ್ತದೆ. ಈ ಹಿರಿತನ ಎಷ್ಟು ಸಲ ಓದಿದರೂ ನನ್ನನ್ನು ತಟ್ಟುತ್ತದೆ.

ಮರುವಾಕ್ಯದಲ್ಲೇ, ಈ ಪುಸ್ತಕ ಬರೆದ ಲೂಕನು ಫಲವನ್ನು ಹೇಳುತ್ತಾನೆ: ದೇವರ ವಾಕ್ಯ ಹಬ್ಬಿತು, ಶಿಷ್ಯರ ಸಂಖ್ಯೆ ಬಹಳ ಹೆಚ್ಚಿತು, ಯಾಜಕರಲ್ಲೂ ಬಹುಮಂದಿ ನಂಬಿಕೆಗೆ ಒಳಗಾದರು. ಇನ್ನೊಂದು ಸಂಗತಿಯೂ ಇದೆ. ಆ ಏಳು ಮಂದಿಯಲ್ಲಿ ಇಬ್ಬರು, ಸ್ತೆಫನ ಮತ್ತು ಫಿಲಿಪ್ಪ, ಮುಂದಿನ ಅಧ್ಯಾಯಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಕಾಣಿಸಿಕೊಳ್ಳುವುದು ಬಡಿಸುವವರಾಗಿ ಅಲ್ಲ. ಸ್ತೆಫನನು ನ್ಯಾಯಸಭೆಯ ಮುಂದೆ ಆ ಪುಸ್ತಕದಲ್ಲೇ ಅತಿ ದೀರ್ಘವಾದ ಪ್ರಸಂಗ ಮಾಡಿ ಪ್ರಾಣ ಕೊಡುತ್ತಾನೆ. ಫಿಲಿಪ್ಪನು ಸಮಾರ್ಯದಲ್ಲಿ ಕ್ರಿಸ್ತನನ್ನು ಸಾರುತ್ತಾನೆ, ಇಥಿಯೋಪ್ಯದ ಅಧಿಕಾರಿಯ ರಥ ಹತ್ತಿ ಯೆಶಾಯನ ಪುಸ್ತಕವನ್ನು ಬಿಡಿಸಿ ಹೇಳುತ್ತಾನೆ. ಹಾಗಾಗಿ ಆತ್ಮಿಕ ಕೆಲಸ ಮೇಲು, ಊಟ ಬಡಿಸುವ ಕೆಲಸ ಕೀಳು ಎಂದು ಈ ಅಧ್ಯಾಯದಿಂದ ಪಾಠ ತೆಗೆಯುವವರು ಅದನ್ನು ಅರ್ಧಕ್ಕೆ ಮುಚ್ಚಿಟ್ಟಿದ್ದಾರೆ. ಹಂಚಿಕೆಯ ಕೆಲಸಕ್ಕೂ ಆತ್ಮಭರಿತರೇ ಬೇಕಾಯಿತು, ಆ ಕೆಲಸದಲ್ಲಿದ್ದವರೇ ಸುವಾರ್ತೆಯನ್ನು ಹೊಸ ನಾಡುಗಳಿಗೆ ಒಯ್ದರು.

ನಮ್ಮ ಸಭಾಪಾಲಕರ ವಾರವನ್ನು ಈ ಅಧ್ಯಾಯದ ಪಕ್ಕದಲ್ಲಿಟ್ಟು ನೋಡಿದರೆ ಸಂಕಟವಾಗುತ್ತದೆ. ಪ್ಲಂಬರಿಗೆ ಫೋನು ಮಾಡುವವರು ಅವರು, ಹಾಲ್ ಬುಕಿಂಗ್ ನೋಡುವವರು ಅವರು, ಗಾಯನವೃಂದದಲ್ಲಿ ಇಬ್ಬರು ಮಾತುಬಿಟ್ಟರೆ ನಡುವೆ ಓಡಾಡುವವರು ಅವರು, ಎಲ್ಲ ಉದ್ಘಾಟನೆಗಳಲ್ಲೂ ಪ್ರಾರ್ಥಿಸಬೇಕಾದವರು ಅವರು. ಶನಿವಾರ ರಾತ್ರಿ ಉಳಿದ ತುಂಡು ಹೊತ್ತಿನಲ್ಲಿ ಪ್ರಸಂಗ ತಯಾರಾಗಬೇಕು. ಭಾನುವಾರ ಅದು ಸಪ್ಪೆಯಾದರೆ ಬಾಗಿಲ ಬಳಿ ನಿಂತು ಟೀಕಿಸುವವರೂ ನಾವೇ. ಪಾಸ್ಟರ್ ಮನೆಗೆ ಬರಲಿಲ್ಲ ಎಂಬ ದೂರನ್ನು ನಾನು ಬಹಳ ಸಲ ಕೇಳಿದ್ದೇನೆ. ಪಾಸ್ಟರಿಗೆ ಪ್ರಾರ್ಥಿಸಲು, ಓದಲು ಹೊತ್ತು ಸಿಗುತ್ತಿದೆಯೇ ಎಂದು ಸಭೆಯವರು ಕಳವಳ ಪಟ್ಟದ್ದನ್ನು ಕೇಳಿದ್ದು ತೀರ ಅಪರೂಪ. ಅವರ ಕೈಯಲ್ಲಿರುವ ಈ ಎಲ್ಲ ಕೆಲಸಗಳನ್ನೂ ಚೆನ್ನಾಗಿ ಮಾಡಬಲ್ಲ ಜನ ಅದೇ ಬೆಂಚುಗಳಲ್ಲಿ ಕೂತಿರುತ್ತಾರೆ. ಅಧಿಕಾರ ಸಹಿತವಾಗಿ ಒಪ್ಪಿಸಬೇಕು, ಒಪ್ಪಿಸಿದ ಮೇಲೆ ಅಡಿಗಡಿಗೆ ಮೂಗು ತೂರಿಸಬಾರದು. ಅಪೊಸ್ತಲರು ಆ ಏಳು ಮಂದಿಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ ಮೇಲೆ ಹಂಚಿಕೆಯ ವಿಚಾರ ಮತ್ತೆ ಅವರ ಮುಂದೆ ಬಂದ ಹಾಗೆ ಲೂಕನು ಎಲ್ಲೂ ಬರೆದಿಲ್ಲ.

ಇನ್ನು ಕಾರ್ಯಕ್ರಮಗಳು. ಇಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಖಾರವಾಗಬಹುದು. ಅರಣ್ಯದಲ್ಲಿ ಸರ್ಪಗಳು ಇಸ್ರಾಯೇಲ್ ಜನರನ್ನು ಕಚ್ಚಿದಾಗ ಅವರ ನಾಯಕ ಮೋಶೆ ದೇವರ ಅಪ್ಪಣೆಯಂತೆ ತಾಮ್ರದ ಸರ್ಪ ಮಾಡಿ ಕಂಬದ ಮೇಲೆ ಎತ್ತಿ ನಿಲ್ಲಿಸಿದನು. ಅದರ ಕಡೆ ನೋಡಿದವರು ಬದುಕಿದರು. ದೇವರೇ ಹೇಳಿ ಮಾಡಿಸಿದ ವಸ್ತು, ಜೀವ ಉಳಿಸಿದ ವಸ್ತು. ಶತಮಾನಗಳು ಕಳೆದ ಮೇಲೂ ಜನ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು, ಅದಕ್ಕೆ ಧೂಪ ಹಾಕುತ್ತಿದ್ದರು. ಅರಸನಾದ ಹಿಜ್ಕೀಯನು ಅದನ್ನು ಒಡೆದುಹಾಕಿದನು. ಆ ದಿನ ಜನ ಏನೆಂದರು ಎಂದು ಸತ್ಯವೇದದಲ್ಲಿ (ಬೈಬಲಿನಲ್ಲಿ) ಬರೆದಿಲ್ಲ, ಆದರೆ ಊಹಿಸುವುದು ಕಷ್ಟವಲ್ಲ. ಮೋಶೆಯ ಕಾಲದಿಂದ ಬಂದದ್ದನ್ನು ಮುರಿಯಲು ಇವನು ಯಾರು?

ಪ್ರತಿ ಸಭೆಯಲ್ಲೂ ಇಂಥದ್ದು ಒಂದೆರಡು ಇರುತ್ತವೆ. ಒಂದು ಕಾಲದಲ್ಲಿ ಬಹು ಜನರನ್ನು ಕರ್ತನ ಬಳಿಗೆ ತಂದ ಒಂದು ಕೂಟ, ಒಂದು ಮಾಸಪತ್ರಿಕೆ, ಒಂದು ವಾರ್ಷಿಕ ಸಮಾವೇಶ. ಈಗ ಅದನ್ನು ನಡೆಸಲು ಜನ ಬೇಕು, ಆದ್ದರಿಂದ ಜನರನ್ನು ಹುಡುಕುತ್ತೇವೆ. ಜನರಿಗಾಗಿ ಇದ್ದದ್ದು ಈಗ ಜನರನ್ನು ತನಗಾಗಿ ಕೇಳುತ್ತದೆ. ನಿಲ್ಲಿಸೋಣ ಎಂದರೆ ಶುರುಮಾಡಿದ ಹಿರಿಯರಿಗೆ ಅವಮಾನ ಮಾಡಿದಂತೆ ಎಂಬ ಭಾವನೆ. ನಿಲ್ಲಿಸುವ ಮುನ್ನ ಅದರ ಮೂಲಕ ದೇವರು ಮಾಡಿದ್ದಕ್ಕಾಗಿ ಆರಾಧನೆಯಲ್ಲಿ ಬಹಿರಂಗವಾಗಿ ಸ್ತೋತ್ರ ಸಲ್ಲಿಸಿ, ದುಡಿದವರನ್ನು ಮುಂದೆ ಕರೆದು ಗೌರವಿಸಿ, ಆಮೇಲೆ ನಿಲ್ಲಿಸಬಹುದು. ಹಾಗೆ ಮಾಡಿದ ಕಡೆ ನೋವು ಬಹಳ ಕಡಿಮೆಯಾದದ್ದನ್ನು ಕಂಡಿದ್ದೇನೆ. ತಾಮ್ರದ ಸರ್ಪ ಪುಡಿಯಾದರೂ ಅದರ ಅರ್ಥ ಕಳೆಯಲಿಲ್ಲ. ಮನುಷ್ಯಕುಮಾರನಾದ ತಾನು ಶಿಲುಬೆಗೆ ಎತ್ತಲ್ಪಡಬೇಕಾದದ್ದನ್ನು ನಿಕೊದೇಮನಿಗೆ ವಿವರಿಸುವಾಗ ಯೇಸುವೇ ಅದನ್ನು ನೆನಪಿಸಿದನು.

ಹಾಗೆಂದು ಲೆಕ್ಕಪತ್ರ, ಕಟ್ಟಡ, ಕಾಣಿಕೆ ಇವನ್ನೆಲ್ಲ ನಾನು ಹಗುರ ಮಾಡುತ್ತಿಲ್ಲ. ಇವು ಮುಖ್ಯ ಕೆಲಸದೊಳಕ್ಕೇ ಬಂದು ಸೇರಿಕೊಳ್ಳಬಲ್ಲವು ಎನ್ನುವುದಕ್ಕೆ ಮೆಥೊಡಿಸ್ಟರ ಇತಿಹಾಸದಲ್ಲಿ ನನಗೆ ತುಂಬ ಇಷ್ಟವಾದ ಪ್ರಸಂಗವೊಂದಿದೆ. 1742ರ ಫೆಬ್ರವರಿ. ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಜಾನ್ ವೆಸ್ಲಿಯ ಅನುಯಾಯಿಗಳು ತಮ್ಮ ಕೂಟದ ಕಟ್ಟಡದ ಮೇಲಿನ ಸಾಲ ತೀರಿಸುವುದು ಹೇಗೆ ಎಂದು ಕೂತು ಮಾತಾಡುತ್ತಿದ್ದರು. ಫಾಯ್ ಎಂಬ ಕ್ಯಾಪ್ಟನ್ ಎದ್ದು, ಸಾಲ ತೀರುವ ತನಕ ಪ್ರತಿ ಸದಸ್ಯನೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದ. ಅದೂ ಕೊಡಲಾಗದ ಬಡವರಿದ್ದಾರಲ್ಲ ಎಂದಿತು ಇನ್ನೊಂದು ದನಿ. ಹಾಗಿದ್ದರೆ ಅತಿ ಬಡವರಾದ ಹನ್ನೊಂದು ಮಂದಿಯನ್ನು ನನಗೆ ವಹಿಸಿ, ವಾರವಾರ ನಾನೇ ಹೋಗಿ ಕಾಣುತ್ತೇನೆ, ಅವರಿಂದ ಆಗದಿದ್ದರೆ ಅವರ ಪಾಲನ್ನೂ ನಾನೇ ತುಂಬುತ್ತೇನೆ ಎಂದ ಆತ. ಬೇರೆಯವರೂ ಹಾಗೆಯೇ ಹನ್ನೊಂದು ಹನ್ನೊಂದು ಜನರನ್ನು ವಹಿಸಿಕೊಂಡರು. ಪೆನ್ನಿಗಾಗಿ ಮನೆ ಮನೆಗೆ ಹೋದವರಿಗೆ ಅಲ್ಲಿನ ಬದುಕು ಕಾಣತೊಡಗಿತು: ಯಾವ ಮನೆಯಲ್ಲಿ ಜಗಳ, ಯಾರು ಕುಡಿತಕ್ಕೆ ಮರಳಿದ್ದಾರೆ, ಯಾರ ನಂಬಿಕೆ ಸೊರಗಿದೆ. ನಾವು ಬಹಳ ದಿನಗಳಿಂದ ಹುಡುಕುತ್ತಿದ್ದದ್ದು ಇದೇ ಎಂದು ವೆಸ್ಲಿಗೆ ಹೊಳೆಯಿತು. ಸಾಲ ತೀರಿಸಲು ಮಾಡಿದ ಏರ್ಪಾಡು ಒಬ್ಬರ ಆತ್ಮವನ್ನು ಇನ್ನೊಬ್ಬರು ವಿಚಾರಿಸಿಕೊಳ್ಳುವ ವಾರದ ಕೂಟವಾಗಿ ಬೆಳೆದು, ಮೆಥೊಡಿಸ್ಟ್ ಚಳವಳಿಯ ಬೆನ್ನೆಲುಬಾಯಿತು. ಕಾಣಿಕೆಗೆ ಹೋದವನ ಕಣ್ಣು ಹಣದ ಮೇಲಷ್ಟೇ ಇದ್ದಿದ್ದರೆ ಇದಾವುದೂ ಆಗುತ್ತಿರಲಿಲ್ಲ.

ಬೋಧನೆಯ ಶುದ್ಧಿಯನ್ನು ಕಾಯುವುದೇ ಸಭೆಯ ಉದ್ದೇಶವನ್ನು ಕಾಯುವುದು ಎಂದು ನಂಬಿರುವ ಗೆಳೆಯರು ನನಗಿದ್ದಾರೆ. ಅವರಿಗೆ ನಾನು ಪ್ರಕಟನೆ ಪುಸ್ತಕದ ಎಫೆಸ ಸಭೆಯನ್ನು ತೋರಿಸುತ್ತೇನೆ. ಆ ಸಭೆ ಪ್ರಯಾಸಪಟ್ಟಿತ್ತು, ತಾಳಿಕೊಂಡಿತ್ತು, ಅಪೊಸ್ತಲರೆಂದು ಹೇಳಿಕೊಂಡು ಬಂದವರನ್ನು ಪರೀಕ್ಷಿಸಿ ಸುಳ್ಳುಗಾರರೆಂದು ಕಂಡುಹಿಡಿದಿತ್ತು. ಕರ್ತನು ಇದನ್ನೆಲ್ಲ ಮೆಚ್ಚಿದ ಮೇಲೂ, ಮೊದಲಿದ್ದ ಪ್ರೀತಿಯನ್ನು ಬಿಟ್ಟಿದ್ದಕ್ಕಾಗಿ ದೀಪಸ್ತಂಭವನ್ನೇ ತೆಗೆದುಬಿಡುವೆನೆಂದು ಎಚ್ಚರಿಸಿದನು. ಎಲ್ಲಿಂದ ಬಿದ್ದಿದ್ದೀ ಎಂದು ನೆನಪಿಸಿಕೋ, ತಿರುಗಿಕೋ, ಮೊದಲು ಮಾಡುತ್ತಿದ್ದ ಕೃತ್ಯಗಳನ್ನು ಮಾಡು ಎಂದನು. ಮೊದಲಿನ ಭಾವೋದ್ವೇಗ ತಂದುಕೋ ಎನ್ನಲಿಲ್ಲ. ಮೊದಲಿನ ಕೃತ್ಯಗಳನ್ನು ಮಾಡು ಎಂದನು. ಒಣಗಿದ ಸಭೆಗಳಿಗೆ ಇದರಲ್ಲಿ ದೊಡ್ಡ ಕರುಣೆಯಿದೆ, ಯಾಕೆಂದರೆ ಕೃತ್ಯಗಳನ್ನು ಈ ವಾರವೇ ಶುರುಮಾಡಬಹುದು.

ರಾಜಕೀಯದ ವಿಚಾರ ಬಂದಾಗ ನನ್ನ ಮಾತು ಎಚ್ಚರಿಕೆಯದು. ಅಧಿಕಾರ ಸಭೆಯ ಬಾಗಿಲಿಗೆ ಬಂದು ಒಲಿಸಿಕೊಳ್ಳುವ ಕಾಲದಲ್ಲಿ ಮುಖ್ಯವಾದದ್ದನ್ನು ಹಿಡಿದುಕೊಳ್ಳುವುದು ಎಂಥ ಕಷ್ಟ ಎನ್ನುವುದು 1934ರ ಜರ್ಮನಿಯಲ್ಲಿ ಕಾಣಿಸಿತು. ನಾಜಿ ಸರ್ಕಾರದ ಜತೆ ಹೆಜ್ಜೆ ಹಾಕಿದ ‘ಜರ್ಮನ್ ಕ್ರೈಸ್ತರು’ ಪ್ರೊಟೆಸ್ಟೆಂಟ್ ಸಭೆಗಳ ಆಡಳಿತವನ್ನು ಕೈವಶ ಮಾಡಿಕೊಳ್ಳುತ್ತಿದ್ದರು. ಮೇ ತಿಂಗಳ ಕೊನೆಯಲ್ಲಿ ಲೂಥರನ್, ರಿಫಾರ್ಮ್ಡ್ ಮತ್ತು ಸಂಯುಕ್ತ ಸಭೆಗಳ ಪ್ರತಿನಿಧಿಗಳು ಬಾರ್ಮೆನ್ ಪಟ್ಟಣದಲ್ಲಿ ಸೇರಿ, ಮುಖ್ಯವಾಗಿ ದೇವತಾಶಾಸ್ತ್ರಜ್ಞ ಕಾರ್ಲ್ ಬಾರ್ಟ್ ಬರೆದ ಆರು ಪ್ರಮೇಯಗಳ ಪ್ರಕಟಣೆಯನ್ನು ಅಂಗೀಕರಿಸಿದರು. ನಾವು ಕೇಳಿ ವಿಧೇಯರಾಗಬೇಕಾದ ದೇವರ ಒಂದೇ ವಾಕ್ಯ ಯೇಸು ಕ್ರಿಸ್ತನು ಎಂಬುದು ಮೊದಲನೆಯದರ ತಿರುಳು. ಕಾಲಕಾಲಕ್ಕೆ ಮೇಲುಗೈ ಪಡೆಯುವ ಸಿದ್ಧಾಂತಗಳಿಗೆ, ರಾಜಕೀಯ ನಂಬಿಕೆಗಳಿಗೆ ಸಭೆ ತನ್ನ ಸಂದೇಶವನ್ನು ಒಪ್ಪಿಸಿಬಿಡಬಾರದು ಎಂದಿತು ಮೂರನೆಯದು. ಧೈರ್ಯದ ಮಾತು, ಇಂದಿಗೂ ಬೇಕಾದ ಮಾತು. ಆದರೆ ಅದೇ ಪ್ರಕಟಣೆ ಯೆಹೂದ್ಯರ ಹಿಂಸೆಯ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಕ್ರಿಸ್ತನೊಬ್ಬನೇ ಎಂದು ಸಾರಿದವರ ಪ್ರಕಟಣೆಯಲ್ಲಿ ಕ್ರಿಸ್ತನ ಸ್ವಂತ ಕುಲದವರಿಗೆ ಜಾಗ ಸಿಗಲಿಲ್ಲ.

ಈ ಮೌನ ನನ್ನನ್ನು ಕಾಡುತ್ತದೆ, ಯಾಕೆಂದರೆ ‘ಸಭೆ ತನ್ನ ಮುಖ್ಯ ಕೆಲಸ ನೋಡಿಕೊಳ್ಳಲಿ’ ಎಂಬ ಮಾತನ್ನು ಬಹಳ ಸಲ ಬಳಸುವುದು ಇದಕ್ಕೇ. ಹಸಿದವರ, ತುಳಿಸಿಕೊಂಡವರ ಮಾತು ಬಂದಾಗ ಕೆಲವರು ಅದು ಸಮಾಜಸೇವೆ, ನಮ್ಮದು ಆತ್ಮಗಳ ಕೆಲಸ ಎಂದು ಕೈತೊಳೆದುಕೊಳ್ಳುತ್ತಾರೆ. ನಾನು ಇದನ್ನು ಒಪ್ಪಲಾರೆ. ಆದಿಕಾಲದ ಕೊರಿಂಥ ಪಟ್ಟಣದ ಸಭೆ ಸೇರುತ್ತಿತ್ತು, ರೊಟ್ಟಿ ಮುರಿಯುತ್ತಿತ್ತು, ಹೊರನೋಟಕ್ಕೆ ಎಲ್ಲವೂ ಕ್ರಮವಾಗಿಯೇ ಇತ್ತು. ಆದರೆ ಉಳ್ಳವರು ಮೊದಲೇ ಉಂಡುಬಿಡುತ್ತಿದ್ದರು, ಒಬ್ಬನು ಹಸಿದಿರುವಾಗ ಇನ್ನೊಬ್ಬನಿಗೆ ಅಮಲೇರಿರುತ್ತಿತ್ತು. ನೀವು ಸೇರಿ ಮಾಡುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದು ಅಪೊಸ್ತಲ ಪೌಲನು ತನ್ನ ಪತ್ರದಲ್ಲಿ ಮುಖಕ್ಕೆ ಹೊಡೆದಂತೆ ಹೇಳಿದ. ಬಡವನನ್ನು ನಾಚಿಕೆಪಡಿಸಿದ ಮೇಜಿನ ಮೇಲೆ ಸಂಸ್ಕಾರವೇ ಇಲ್ಲವಾಗುತ್ತದೆ. ಮುಖ್ಯವಾದದ್ದನ್ನು ಕಾಯುವುದೆಂದರೆ ಅದನ್ನು ಇಕ್ಕಟ್ಟು ಮಾಡುವುದಲ್ಲ. ಯೆರೂಸಲೇಮಿನಲ್ಲಿ ವಿಧವೆಯರ ಪಾಲು ಸರಿಹೋದ ಮೇಲೆ ವಾಕ್ಯ ಹಬ್ಬಿದ್ದು ನೆನಪಿರಲಿ.

ಸಭೆ ಎಲ್ಲಿ ನಿಂತಿದೆ ಎಂದು ಒಳಗಿನವರಾದ ನಾವು ನಾವೇ ಅಳೆದುಕೊಂಡರೆ ಸಾಲದು. ನಮಗೆ ನಮ್ಮ ಗದ್ದಲ ಅಭ್ಯಾಸವಾಗಿಬಿಟ್ಟಿರುತ್ತದೆ. ಕೊರಿಂಥದವರಿಗೇ ಬರೆಯುತ್ತ ಪೌಲನು ಹೊರಗಿನವನೊಬ್ಬನನ್ನು ತಂದು ಸಭೆಯ ನಡುವೆ ನಿಲ್ಲಿಸುತ್ತಾನೆ. ನಂಬದವನೊಬ್ಬ ಒಳಗೆ ಬಂದರೆ ನಿಮಗೆ ಹುಚ್ಚು ಹಿಡಿದಿದೆ ಎಂದುಕೊಳ್ಳುತ್ತಾನೋ, ಇಲ್ಲವೇ ಹೃದಯದ ಗುಟ್ಟು ಬಯಲಾಗಿ, ಅಡ್ಡಬಿದ್ದು, ದೇವರು ನಿಜವಾಗಿ ನಿಮ್ಮಲ್ಲಿದ್ದಾನೆ ಎನ್ನುತ್ತಾನೋ? ಯಾರಿಗೂ ತಿಳಿಯದ ಭಾಷೆಯ ಹತ್ತು ಸಾವಿರ ಮಾತುಗಳಿಗಿಂತ ತಿಳಿಯುವಂಥ ಐದು ಮಾತು ಆಡುವುದೇ ತನಗೆ ಇಷ್ಟ ಎಂದು ಅವನು ಅದೇ ಅಧ್ಯಾಯದಲ್ಲಿ ಹೇಳುತ್ತಾನೆ.

ನಮ್ಮ ಆರಾಧನೆಗೆ ಹೊಸಬರು ಬಂದಾಗ ವಿಳಾಸ, ಫೋನ್ ನಂಬರು ಬರೆಸಿಕೊಳ್ಳುತ್ತೇವೆ. ಅದರ ಬದಲು ಒಂದು ಪ್ರಶ್ನೆ ಕೇಳಬಹುದು: ಇಲ್ಲಿ ಕೂತಷ್ಟು ಹೊತ್ತಿನಲ್ಲಿ ನಮಗೆ ಯಾವುದು ಮುಖ್ಯ ಎಂದು ನಿಮಗನ್ನಿಸಿತು? ಉತ್ತರ ಏನು ಬೇಕಾದರೂ ಇರಬಹುದು. ವೇದಪಾಠಕ್ಕಿಂತ ಪ್ರಕಟಣೆಗಳೇ ಉದ್ದವಿದ್ದವು ಎನ್ನಬಹುದು, ಹಾಡು ಚೆನ್ನಾಗಿತ್ತು ಎನ್ನಬಹುದು, ಕಟ್ಟಡ ನಿಧಿಯ ಮಾತು ನೆನಪಿದೆ ಎನ್ನಬಹುದು, ಯಾರೂ ಮಾತಾಡಿಸಲಿಲ್ಲ ಎನ್ನಬಹುದು. ಸಮರ್ಥಿಸಿಕೊಳ್ಳದೆ, ವಿವರಣೆ ಕೊಡದೆ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ಮುಂದಿನ ಕಮಿಟಿ ಮೀಟಿಂಗಿನಲ್ಲಿ, ಲೆಕ್ಕಪತ್ರ ತೆರೆಯುವ ಮೊದಲು, ಒಬ್ಬರು ನಿಂತು ಓದಲಿ. ಆ ಉತ್ತರಗಳಲ್ಲಿ ಯೇಸುವಿನ ಹೆಸರು ಎಷ್ಟು ಸಲ ಬಂತು ಎಂದು ಕೇಳಿಸಿಕೊಂಡು, ಆಮೇಲೆ ಕಾರ್ಯಸೂಚಿಯ ಮಿಕ್ಕ ವಿಷಯಗಳಿಗೆ ಹೋಗೋಣ.